ಬೀಗ ಜಗ್ಗಿ ನೋಡಿ ಹೊರಟವರು

ಮೂರು ದಿನದ ಮಟ್ಟಿಗೆ ಊರಿಗೆ ಹೊರಟರೂ ನಮ್ಮ ಮನೆಯಲ್ಲಿ ಒಂದಿಷ್ಟು ಶಾಸ್ತ್ರಗಳಿವೆ. ಉಳಿದ ಹಾಲಿಗೆ ಹೆಪ್ಪು ಹಾಕುವುದಿಲ್ಲ. ತುಳಸಿಗೆ ನೀರು ಹಾಕಿರೆಂದು ಪಕ್ಕದ ಮನೆಯವರಿಗೆ ಹೇಳಿ, ಗೇಟಿನ ಬೀಗದ ಕೈ ಅವರ ಹತ್ತಿರ ಕೊಡುತ್ತೇವೆ. ಬೀಗ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡುತ್ತೇವೆ. ತಿರುಗಿ ಬರುತ್ತೇವೆಂಬ ನಂಬಿಕೆಯೆಲ್ಲ ಆ ಒಂದು ಜಗ್ಗುವಿಕೆಯಲ್ಲಿದೆ. ಬಾರದೆ ಹೋಗುವವರಿಗೆ ಅದರ ಗೊಡವೆಯಿಲ್ಲ.

1962ರ ನವೆಂಬರ್ 19ರಂದು ಅಸ್ಸಾಮಿನ ಮಾಕುಮ್ ಎಂಬ ಪುಟ್ಟ ಊರಿನಲ್ಲಿ ಎಷ್ಟು ಬಾಗಿಲುಗಳ ಬೀಗವನ್ನು ಹೀಗೆ ಜಗ್ಗಿ ನೋಡಿದರೋ. ಚೀನಾದೊಡನೆ ಯುದ್ಧ ನಡೆದಿದ್ದ ಹೊತ್ತಿನಲ್ಲಿ ಚೀನೀ ಮೂಲದ ಕುಟುಂಬಗಳನ್ನು ಪೊಲೀಸರು ಮನೆಯಿಂದ ಹೊರಡಿಸಿದ ದಿನ ಅದು. ಕೆಲವೇ ದಿನದ ಮಾತು ಎಂದು ಹೇಳಿದ್ದರೆಂದು ಬದುಕುಳಿದವರು ನೆನೆಯುತ್ತಾರೆ. ರೈಲು ಸುಮಾರು ಒಂದು ವಾರ ಓಡಿತು. ಇಳಿದದ್ದು ರಾಜಸ್ಥಾನದಲ್ಲಿ, ಸೇರಿದ್ದು ಟೋಂಕ್ ಜಿಲ್ಲೆಯ ದೇವಲಿಯ ಶಿಬಿರ. ಅಸ್ಸಾಮು, ಡಾರ್ಜಿಲಿಂಗ್, ಶಿಲ್ಲಾಂಗ್‌ಗಳಿಂದ ಸುಮಾರು 3,000 ಮಂದಿ, ಮಳೆಯ ಸೀಮೆಯ ಜನ, ಬಿಸಿಲ ಸೀಮೆಯ ಬ್ಯಾರಕ್ಕುಗಳನ್ನು ತುಂಬಿದರು. ಮಾಕುಮ್ ಖಾಲಿಯಾದ ಎರಡೇ ದಿನಕ್ಕೆ ಚೀನಾ ಕದನವಿರಾಮ ಸಾರಿತು. ಯುದ್ಧ ನಡೆದದ್ದು ಒಂದು ತಿಂಗಳು. ಸೆರೆ ಕೆಲವರ ಪಾಲಿಗೆ 1967ರವರೆಗೂ ನಡೆಯಿತು.

ಅವರು ಮಾಡಿದ ತಪ್ಪು ಅಜ್ಜನದು. ಅಜ್ಜನೋ ಅಜ್ಜಿಯೋ ಚೀನೀ ಪ್ರಜೆಯಾಗಿದ್ದರೆ ಮೊಮ್ಮಗನನ್ನೂ ಹಿಡಿಯಲು ಆಗಿನ ಸುಗ್ರೀವಾಜ್ಞೆ ದಾರಿ ಮಾಡಿತ್ತು. ಆ ಅಜ್ಜಂದಿರಾದರೂ ತಾವಾಗಿ ಬಂದವರೇ? 1830ರ ದಶಕದಲ್ಲಿ ಅಸ್ಸಾಮಿನ ಕಾಡು ಕಡಿದು ಟೀ ತೋಟ ಹಾಕಿದ ಬ್ರಿಟಿಷರಿಗೆ ಎಲೆಯನ್ನು ಬಾಡಿಸುವುದು, ಹುರಿಯುವುದು, ಉಜ್ಜುವುದು ತಿಳಿದಿರಲಿಲ್ಲ. ಬಲ್ಲವರನ್ನು ಚೀನಾದಿಂದ ಕರೆತಂದರು. ಬಂದವರಲ್ಲಿ ಕೆಲವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಇಲ್ಲಿಯವರೇ ಆದರು. ಬೆಂಗಳೂರಿನ ಕಡೆ ನಾವು ಟೀ ಎನ್ನುತ್ತೇವೆ, ಧಾರವಾಡದ ಕಡೆಯವರು ಚಹಾ ಎನ್ನುತ್ತಾರೆ. ಎರಡೂ ಚೀನಾದ ಬೇರೆ ಬೇರೆ ಆಡುನುಡಿಗಳಿಂದ ಹೊರಟು ಬಂದ ಮಾತುಗಳು. ಆ ಮಾತುಗಳ ಅಜ್ಜನ ಊರನ್ನು ಯಾರೂ ವಿಚಾರಿಸಲಿಲ್ಲ.

ಇಂಥ ಕಥೆ ಓದಿದಾಗ ನನ್ನ ಮನಸ್ಸು ತಟಕ್ಕನೆ ಒಂದು ಸಮಾಧಾನವನ್ನು ಹುಡುಕುತ್ತದೆ: ಎಲ್ಲವೂ ಅನಿತ್ಯವಲ್ಲವೇ, ಯಾವ ಮನೆ ಯಾರಿಗೆ ಶಾಶ್ವತ? ಸಾವಿನ ಮನೆಯಲ್ಲಿ ಈ ಮಾತು ಒಪ್ಪುತ್ತದೆ, ಕೇಳಿದವರ ಎದೆಯೂ ಒಂದಿಷ್ಟು ಹಗುರಾಗುತ್ತದೆ. ಮಾಕುಮಿನ ಬೀದಿಯಲ್ಲಿ ನಿಂತು ಆಡಿದರೆ ಮಾತ್ರ ನಾಲಿಗೆ ಕಹಿಯಾಗುತ್ತದೆ. ಹಣ್ಣೆಲೆ ಉದುರುವುದಕ್ಕೂ ಹಸಿಕೊಂಬೆ ಕಡಿದು ಬೀಳುವುದಕ್ಕೂ ಒಂದೇ ಹೆಸರಿಡಬಹುದೇ? ಕಾಲ ಒಯ್ದದ್ದಕ್ಕೆ ಅಳಬಹುದು. ಕೈ ಕಿತ್ತದ್ದನ್ನು ಕಾಲದ ಲೆಕ್ಕಕ್ಕೆ ಬರೆದರೆ ಲೆಕ್ಕ ಬರೆದವನ ಮೇಲೆಯೇ ಅನುಮಾನ ಬರುತ್ತದೆ. ಅನಿತ್ಯತೆಯ ತತ್ತ್ವವನ್ನು ಇಷ್ಟು ದಿನ ನಾನು ಎಷ್ಟು ಕಡೆ ಹೀಗೆ ಅಡ್ಡ ಹಿಡಿದಿದ್ದೇನೋ!

ಇನ್ನು, ಎಲ್ಲವೂ ಅಳಿಯುತ್ತದೆ ಎಂಬುದಾದರೂ ಪೂರ್ತಿ ನಿಜವೇ? ದೇವಲಿಯ ಶಿಬಿರವನ್ನೇ ನೋಡಿ. ಬ್ರಿಟಿಷರು ಅಲ್ಲಿ ರಾಜಕೀಯ ಕೈದಿಗಳನ್ನಿಟ್ಟಿದ್ದರು. 1941ರಲ್ಲಿ ಜಯಪ್ರಕಾಶ ನಾರಾಯಣರು ಅಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನೀ ನಾಗರಿಕರ ಸರದಿ. ಸ್ವಾತಂತ್ರ್ಯ ಬಂದು ಹದಿನೈದು ವರ್ಷಕ್ಕೆ ನಮ್ಮವರೇ. ಬೀಗದ ಕೈ ಸೊಂಟದಿಂದ ಸೊಂಟಕ್ಕೆ ದಾಟಿತು, ಸೆರೆಯ ನೆಲ ಅದೇ. ಮನೆಗಳು ಅಷ್ಟು ಬಾಳಲಿಲ್ಲ. ಮಾಕುಮಿನ ಮನೆ, ಅಂಗಡಿ, ಸಾಮಾನುಗಳು ಶತ್ರುವಿನ ಸ್ವತ್ತೆಂದು ಹರಾಜಾದವು. ಹರಾಜು ಕೂಗುವವನಿಗೆ ಮಂಚದ ಬೆಲೆ ಗೊತ್ತು, ಅದರ ಮೇಲೆ ನಡೆದ ಹೆರಿಗೆಯ ಬೆಲೆ ಗೊತ್ತಿಲ್ಲ. ಗೋಡೆಯ ಪಟದಲ್ಲಿ ಚೌಕಟ್ಟಿಗೆ ಗಿರಾಕಿ ಉಂಟು, ಒಳಗಿನ ಮುಖಕ್ಕಿಲ್ಲ. ಆ ಮುಖಕ್ಕೆ ಬೆಲೆ ಕಟ್ಟಬಲ್ಲವರು ಆಗ ದೇವಲಿಯಲ್ಲಿ ಅನ್ನಕ್ಕೆ ಸಾಲು ನಿಂತಿದ್ದರು.

1963ರಲ್ಲಿ ಮದ್ರಾಸಿನಿಂದ ಹೊರಟ ಚೀನೀ ಹಡಗುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಎಂದೂ ಕಾಣದ ತಾಯ್ನಾಡಿಗೆ ಹೋದರು. ಇಲ್ಲಿ ಚೀನೀಯರೆನಿಸಿದ್ದವರು ಅಲ್ಲಿ ಭಾರತದವರೆನಿಸಿದರು. ಉಳಿದವರಲ್ಲಿ ಹಲವರು ಮುಂದೆ ಕೆನಡಾ ಸೇರಿದರು. ಮುಪ್ಪಿನಲ್ಲಿ ಅವರು ನಮ್ಮ ಸರ್ಕಾರದಿಂದ ಕೇಳಿದ್ದು ಕ್ಷಮೆಯ ಒಂದು ಮಾತು. ತನ್ನ ಜಪಾನೀ ಮೂಲದವರನ್ನು ಹೀಗೆಯೇ ಕೂಡಿಹಾಕಿದ್ದ ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ತಡವಾಯಿತು ನಿಜ, ಆದರೂ ಆಡಿದ ಮಾತು ಆಡಿದ್ದೇ.

ನಾವು ಉಳಿಸಿಕೊಂಡದ್ದು ರುಚಿಯನ್ನು. ಕಲ್ಕತ್ತೆಯ ಚೀನೀ ಕುಟುಂಬದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯಲ್ಲಿ ಮೊದಲು ಮಾಡಿದರೆನ್ನುವ ಮಂಚೂರಿಯನ್, ಕೋಳಿಯಿಂದ ಹೂಕೋಸಿಗೆ ಇಳಿದು, ಇಂದು ನಮ್ಮ ಊರೂರಿನ ತಳ್ಳುಗಾಡಿಯಲ್ಲಿದೆ. ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ಬಾಣಲೆಗೆ ಸೌಟು ಬಡಿಯುವ ಸದ್ದು ಕೇಳುತ್ತದೆ, ಸುಟ್ಟ ಬೆಳ್ಳುಳ್ಳಿಯ ಘಮ ಮನೆಯೊಳಗೇ ಬರುತ್ತದೆ. ನಾನೂ ಚಪ್ಪರಿಸಿ ತಿಂದವನೇ. ಜನರಿಲ್ಲದೆ ಅವರ ರುಚಿಯೊಂದೇ ಬೇಕೆನ್ನುವ ಈ ಹಸಿವಿಗೆ ಏನೆನ್ನಬೇಕೋ ತಿಳಿಯದು.

ಮೊನ್ನೆ ಊರಿಂದ ಬರುವಾಗ ರಾತ್ರಿಯಾಗಿತ್ತು. ಹಳೆಯ ಮಂಚ, ಪಾತ್ರೆ ಕೊಳ್ಳಲು ಯಾರೂ ದೂರದೂರಿಂದ ಬರುವುದಿಲ್ಲ, ಮಾಕುಮಿನ ಹರಾಜಿನಲ್ಲಿ ಕೂಗಿದವರು ಅದೇ ಬೀದಿಯವರೇ ಇದ್ದಾರು ಎಂಬ ಯೋಚನೆ ದಾರಿಯುದ್ದಕ್ಕೂ ಬಿಟ್ಟಿರಲಿಲ್ಲ. ಪಕ್ಕದ ಮನೆಯ ದೀಪ ಇನ್ನೂ ಉರಿಯುತ್ತಿತ್ತು. ಅವರು ಬೀಗದ ಕೈ ತಂದುಕೊಟ್ಟು, "ನಾಳೆ ಬರ್ತೀರೇನೋ ಅಂದ್ಕೊಂಡಿದ್ದೆ, ಹಾಲು ಇಲ್ಲ ಅಲ್ವಾ, ತಡೀರಿ" ಎಂದು ಒಳಗೆ ಹೋದರು. ತುಳಸಿಯ ಬುಡ ಒದ್ದೆಯಾಗಿತ್ತು.