ಸೆರೆಯವರ ಉಸಿರೂ ನಮ್ಮ ಸಭೆಯೂ

ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ 3ನೆಯ ವಚನವನ್ನು ತೆರೆದು ಓದಿರಿ. ಸೆರೆಯಲ್ಲಿರುವವರ ಬೇಡಿ ನಮ್ಮ ಕಾಲಿಗೂ ಬಿದ್ದಿದೆಯೆಂಬಂತೆ ನಾವು ಅವರನ್ನು ನೆನಸಬೇಕೆಂಬದೇ ಅದರ ಭಾವವು. ಇದು ಕನಿಕರದ ಮಾತು ಮಾತ್ರವೆಂದು ಅನೇಕರು ತಿಳಿಯುತ್ತಾರೆ. ಕ್ಷಯರೋಗದ ವಿಷಯದಲ್ಲಾದರೋ ಇದು ಇದ್ದದ್ದು ಇದ್ದ ಹಾಗೆಯೇ ಸತ್ಯವಾಗಿದೆ.

ಸೆರೆಮನೆಯಲ್ಲಿ ಸಂಜೆ ಬಾಗಿಲಿಗೆ ಬೀಗ ಬಿದ್ದ ಮೇಲೆ ಬಹು ಮಂದಿ ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗುತ್ತಾರೆ. ಅವರೊಳಗೆ ಒಬ್ಬನ ಎದೆಯಲ್ಲಿ ಕ್ಷಯವಿದ್ದು, ಯಾರೂ ಅದನ್ನು ತಿಳಿಯದೆ ಹೋದರೆ, ಅವನು ಕೆಮ್ಮಿದಾಗ ಹೊರಟ ಕ್ರಿಮಿಗಳು ಗಾಳಿಯಾಡದ ಆ ಸ್ಥಳದಲ್ಲಿ ತಾಸುಗಟ್ಟಲೆ ತೇಲುತ್ತವೆ. 1882ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ತೋರಿಸಿಕೊಟ್ಟ ಕ್ರಿಮಿಗಳೇ ಇವು. ಅವನ್ನು ಉಸಿರಾಡಿದವರಲ್ಲಿ ಹೆಚ್ಚಿನವರು ರೋಗಿಗಳಾಗುವದಿಲ್ಲ. ಕ್ರಿಮಿಯು ಅವರ ದೇಹದಲ್ಲಿ ನಿದ್ರೆಮಾಡುತ್ತದೆ. ಇದಕ್ಕೆ ಸುಪ್ತ ಕ್ಷಯವೆಂದು ಹೆಸರು. ಇಂಥವನಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅವನಿಂದ ಮತ್ತೊಬ್ಬನಿಗೆ ಅಂಟುವದೂ ಇಲ್ಲ. 100 ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ, ಕೆಲವು ತಿಂಗಳಲ್ಲಿಯೋ ಅನೇಕ ವರುಷಗಳ ಮೇಲೆಯೋ, ಅದು ಎಚ್ಚರವಾಗುತ್ತದೆ. ಹೊಟ್ಟೆಗೆ ಸಾಲದ ಅನ್ನ, ಸಕ್ಕರೆರೋಗ, ಎಚ್‌ಐವಿ, ಬೀಡಿಯ ಚಟ, ಇವು ಅದನ್ನು ಎಬ್ಬಿಸುತ್ತವೆ. ಹೀಗಿರಲಾಗಿ ಸೆರೆಮನೆಯ ಗೋಡೆಯು ಮನುಷ್ಯನನ್ನು ತಡೆಯಬಲ್ಲದೇ ಹೊರತು ಕ್ರಿಮಿಯನ್ನಲ್ಲ. ಜಾಮೀನಿನ ಮೇಲೆ ಬಿಡುಗಡೆಯಾದವನೂ, ಕಾವಲುಗಾರನೂ ತಂತಮ್ಮ ಮನೆಗಳಿಗೆ ಬರುತ್ತಾರಷ್ಟೆ.

ಬೆಳಗಾವಿಯ ಹಿಂಡಲಗಾ ಸೆರೆಮನೆಯಿಂದ ಒಬ್ಬನು ಘೋಡಗೇರಿಗೆ ತಿರುಗಿ ಬಂದನೆಂದು ಇಟ್ಟುಕೊಳ್ಳೋಣ. ಕರ್ತನ ಭೋಜನದ ದಿವಸ ಅವನ ಚಾಪೆಯಲ್ಲಿ ಯಾರು ಕೂತುಕೊಳ್ಳುವರು? ಯಾಜಕಕಾಂಡದ 13ನೆಯ ಅಧ್ಯಾಯವನ್ನು ತೋರಿಸಿ ಅವನನ್ನು ದೂರವಿಡುವವರು ಇರಬಹುದು. ಅದು ಚರ್ಮದ ರೋಗದ ನಿಯಮವು, ಕ್ಷಯದ್ದಲ್ಲ. ಬೆದರಿಸುವದಕ್ಕಾಗಿ ಅದನ್ನು ಓದುವದು ನಮಗೆ ಒಪ್ಪಿಗೆಯಿಲ್ಲ. ಅವರು ಪುಟವನ್ನು ಮಗುಚಿ 14ನೆಯ ಅಧ್ಯಾಯವನ್ನೂ ಓದಲಿ. ಅಲ್ಲಿ ಯಾಜಕನು ತಾನೇ ಪಾಳೆಯದ ಹೊರಗೆ ಹೋಗಿ ರೋಗಿಯನ್ನು ನೋಡಬೇಕಾಗಿದೆ. ಪರೀಕ್ಷೆ ಮಾಡದೆ ಅಶುದ್ಧನೆನ್ನುವ ಅಧಿಕಾರ ಯಾಜಕನಿಗೇ ಇರಲಿಲ್ಲ. ನಮಗೆ ಎಲ್ಲಿಂದ ಬಂತು?

ಪರೀಕ್ಷೆ ಮಾಡಿಸುವದು ಕಷ್ಟವಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಮೈ ಇಳಿಯುವದು, ಇವುಗಳಲ್ಲಿ ಒಂದಾದರೂ ಇದ್ದರೆ ಕಫವನ್ನು ತೋರಿಸಬೇಕು. ಎದ್ದ ರೋಗವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧವು. ಅದು ಇಲ್ಲವೆಂದು ವೈದ್ಯರು ಖಚಿತಮಾಡಿಕೊಂಡ ಮೇಲೆ, ಮಲಗಿರುವ ಕ್ರಿಮಿಗೂ ಗುಳಿಗೆ ಉಂಟು: ದಿನಾಲು 6 ತಿಂಗಳು, ಇಲ್ಲವೆ ಬೇರೆ ಕ್ರಮದಲ್ಲಿ ವಾರಕ್ಕೊಮ್ಮೆ 3 ತಿಂಗಳು. ಸೆರೆಯಲ್ಲಿ ಆರಂಭಿಸಿದ ಔಷಧವು ಬಿಡುಗಡೆಯ ದಿವಸವೇ ನಿಂತುಹೋಗುವದುಂಟು. ಊರಿಗೆ ಬಂದವನು ನಾಚಿಕೆಯಿಂದ ಬಾಯಿ ಬಿಡುವದಿಲ್ಲ, ನಾವೂ ಕೇಳುವದಿಲ್ಲ. ಯೋಸೇಫನ ಸಂಗಡ ಸೆರೆಯಲ್ಲಿದ್ದ ಪಾನದಾಯಕನು ಹೊರಗೆ ಬಂದು ಪೂರಾ ಎರಡು ವರುಷ ಅವನನ್ನು ಮರೆತನು. ಗುಳಿಗೆ ಅಷ್ಟು ಕಾಲ ಕಾಯಲಾರದು.

ಆದಕಾರಣ ಬಿಡುಗಡೆಯಾದವನ ಹತ್ತಿರ ಸೆರೆಮನೆಯ ವೈದ್ಯರ ಚೀಟಿ ಇದೆಯೋ ಎಂದು ಸಭೆಯ ಹಿರಿಯರು ಏಕಾಂತದಲ್ಲಿ ಕೇಳಲಿ. ಒಬ್ಬರು ಅವನ ಸಂಗಡ ಹುಕ್ಕೇರಿಯ ಸರಕಾರಿ ಆಸ್ಪತ್ರೆಗೆ ಹೋಗಲಿ. ಸರಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಕಫದ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ. ಬರುವ ಭಾನುವಾರ ಅವನ ಚಾಪೆಯಲ್ಲಿ ಮೊದಲು ಹಿರಿಯರೇ ಕೂತುಕೊಳ್ಳಲಿ.