ಹೆಸರನ್ನು ತಿಳಿಯುವದೂ ಮನುಷ್ಯನನ್ನು ಅರಿಯುವದೂ

ಕುಷ್ಟಗಿಯ ಸಂತೆಯಲ್ಲಾಗಲಿ ಗಂಗಾವತಿಯ ಬೀದಿಯಲ್ಲಾಗಲಿ ಕಣ್ಣಿಲ್ಲದವನೊಬ್ಬನು ನಿಂತಿರುವಾಗ ನಾವು ಮಾತನಾಡಿಸದೆ ದಾಟಿಹೋದರೆ, ನಾವು ಅಲ್ಲಿ ಇದ್ದೆವೆಂಬದೇ ಅವನಿಗೆ ತಿಳಿಯದು. ದಾರಿಯನ್ನು ಕೋಲು ತೋರಿಸೀತು. ಎದುರಿಗೆ ಬಂದವನು ತಮ್ಮನೋ ಪರನೋ ಎಂಬದನ್ನು ಕೋಲು ಹೇಳಲಾರದು. ಹೀಗಿರಲಾಗಿ ಮೊದಲನೆಯ ಮಾತು ಯಾವಾಗಲೂ ಕಣ್ಣುಳ್ಳವರದೇ ಆಗಿರುವದು.

ವಂಶಪಾರಂಪರ್ಯವಾದ ರೋಗದಿಂದ ಅಕ್ಷಿಪಟಲವು ಕ್ಷೀಣಿಸಿ ಕುರುಡರಾದವರಿಗಾಗಿ ಅಮೇರಿಕ ದೇಶದಲ್ಲಿ ಆರ್ಗಸ್ 2 ಎಂಬ ಯಂತ್ರವನ್ನು ಮಾಡಿದರು. 2013ರಲ್ಲಿ ಅಲ್ಲಿಯ ಸರಕಾರವು ಅದಕ್ಕೆ ಒಪ್ಪಿಗೆ ಕೊಟ್ಟಿತು. ಕನ್ನಡಕದಲ್ಲಿರುವ ಕ್ಯಾಮರಾ ಹಿಡಿದ ಚಿತ್ರವು, ಕಣ್ಣೊಳಗೆ ಇಟ್ಟ 60 ವಿದ್ಯುತ್ ಬಿಂದುಗಳ ಮೂಲಕ ಬೆಳಕಿನ ಚುಕ್ಕೆಗಳಾಗಿ ತೋರುತ್ತಿತ್ತು. ಅಷ್ಟು ಚುಕ್ಕೆಗಳಿಂದ ಬಾಗಿಲು ಕಂಡೀತು, ಮುಖವು ಕಾಣದು. ಬೇತ್ಸಾಯಿದದ ಕುರುಡನಿಗೆ ಮೊದಲು ಮನುಷ್ಯರು ಮರಗಳ ಹಾಗೆ ತೋರಿದ ಸಂಗತಿಯನ್ನು ನೆನಸಿರಿ. ಆದದರಿಂದ ಪಂಡಿತರು ಗಣಕಯಂತ್ರದ ಸಹಾಯವನ್ನು ತೆಗೆದುಕೊಳ್ಳುತ್ತಾರೆ. ಅದು ಚಿತ್ರದೊಳಗೆ ಮುಖವನ್ನು ಹುಡುಕಿ, ಮೊದಲೇ ಕೂಡಿಟ್ಟ ಮುಖಗಳೊಂದಿಗೆ ಹೋಲಿಸಿ, ಹೆಸರನ್ನು ಕಿವಿಯಲ್ಲಿ ಹೇಳಬಲ್ಲದು.

ಯಂತ್ರವು ಹೇಳಿದ ಹೆಸರು ಪರಿಚಯವೆನಿಸುವದೋ ಎಂದು ಕೆಲವರು ಕೇಳಾರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದವರಾಗಿದ್ದೂ ಅನೇಕ ಅಂಧ ಮಕ್ಕಳಿಗೆ ಸಂಗೀತವನ್ನು ಕಲಿಸಿದರು. ಮನುಷ್ಯನನ್ನು ಅರಿಯುವದಕ್ಕೆ ಮುಖವೇ ಬೇಕೆಂದಿಲ್ಲವೆಂಬದು ಸತ್ಯ. ಆದರೂ ಹೆಸರು ಬಾಗಿಲಿನಂತಿದೆ. ಬಾಗಿಲೇ ಮನೆಯಲ್ಲ, ಬಾಗಿಲಿಲ್ಲದೆ ಮನೆಯೊಳಗೆ ಹೋಗುವದೂ ಆಗದು. ಕುರುಡನು ತಾನಾಗಿ ಮೊದಲು ಮಾತನಾಡಿಸುವಂತೆ ಮಾಡುವ ಉಪಕರಣವು ಚಿಕ್ಕ ಉಪಕಾರವಲ್ಲ.

ಆದರೆ ಯಂತ್ರವನ್ನು ಮಾಡಿದವರು ಅದನ್ನು ಕೈಬಿಡಬಹುದು. 2019ರಲ್ಲಿ ಆರ್ಗಸ್ 2ರ ತಯಾರಿಕೆಯು ನಿಂತುಹೋಯಿತು. ಅದನ್ನು ಹಾಕಿಸಿಕೊಂಡಿದ್ದ ಸುಮಾರು 350 ಮಂದಿಯಲ್ಲಿ ಕೆಲವರು, ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವವರಿಲ್ಲದೆ, ಎರಡನೆಯ ಸಾರಿ ಕತ್ತಲೆಗೆ ಹೋದರು. ಬಾವಿಯನ್ನು ತೋಡಿಸಿ ಹಗ್ಗವನ್ನು ತೆಗೆದುಕೊಂಡು ಹೋಗುವವನು ಉಪಕಾರಿಯೋ? ದೃಷ್ಟಿಯನ್ನು ಕೊಡುವೆನೆಂದವನು ಕೊಟ್ಟ ಮೇಲೆಯೂ ಋಣಿಯಾಗಿರುವನು.

ನಾವಾದರೋ ಯಂತ್ರ ಬರುವ ತನಕ ಕಾಯತಕ್ಕದ್ದಿಲ್ಲ. ಕೊಪ್ಪಳದಲ್ಲಿಯಾಗಲಿ ಯಲಬುರ್ಗಾದಲ್ಲಿಯಾಗಲಿ ಕಣ್ಣಿಲ್ಲದ ನೆರೆಯವನನ್ನು ಕಂಡರೆ, ನಾನು ಯಾರು ಹೇಳು ನೋಡೋಣ ಎಂದು ಅವನನ್ನು ಪರೀಕ್ಷಿಸದೆ, ನಾವೇ ನಮ್ಮ ಹೆಸರನ್ನು ಹೇಳೋಣ. ಹೊರಡುವಾಗ ಹೊರಡುತ್ತೇವೆಂದು ತಿಳಿಸೋಣ. ಇದಕ್ಕೆ ಒಂದು ಕಾಸೂ ಬೇಡ. ಯಂತ್ರವು ನಮ್ಮ ಮುಖವನ್ನು ಗುರುತಿಸುವ ಕಾಲ ಬಂದಾಗಲೂ, ಗುರುತಿಸಿದವನ ಕಷ್ಟವನ್ನು ಕೇಳುವ ಕೆಲಸವು ನಮಗೇ ಉಳಿದಿರುವದು.