ಮಾಳಿಗೆಯ ತಡೆಗೋಡೆ

ಧರ್ಮೋಪದೇಶಕಾಂಡ 22:8



ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಎತ್ತತಕ್ಕದ್ದೆಂದೂ, ಎತ್ತದೆ ಇದ್ದಲ್ಲಿ ಅಲ್ಲಿಂದ ಬಿದ್ದು ಸತ್ತವನ ರಕ್ತಾಪರಾಧವು ಆ ಮನೆಗೇ ತಗಲುವದೆಂದೂ ದೇವರು ಮೋಶೆಯ ಮೂಲಕ ಆಜ್ಞಾಪಿಸಿದನು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆ ಮನೆಯವನು ಯಾರನ್ನೂ ತಳ್ಳಲಿಲ್ಲ. ಯಾರಿಗೂ ಕೇಡನ್ನು ಬಯಸಲಿಲ್ಲ. ಮಾಡತಕ್ಕದ್ದನ್ನು ಮಾಡದೆ ಬಿಟ್ಟನು, ಅಷ್ಟೇ. ಆದರೂ ದೇವರು ಆ ಬಿಟ್ಟುಬಿಡೋಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳಲ್ಲಿ ತಾರಸಿಯ ಮನೆಗಳು ಹೆಚ್ಚಿವೆ. ಹಣ ಸಾಲದೆ ತಡೆಗೋಡೆಯನ್ನು ಮುಂದಿನ ಸುಗ್ಗಿಗೆಂದು ಬಿಡುವವರುಂಟು. ತಾಯಿಯು ರಾಗಿ ಒಣಗಿಸಲು ಹತ್ತಿದರೆ ಕೂಸೂ ಹಿಂದೆಯೇ ಹತ್ತುವದು. ಇದಲ್ಲದೆ ನೆಲದ ಮೇಲಿಟ್ಟ ಸಾರಿನ ಪಾತ್ರೆ, ಬಾಯಿ ತೆರೆದ ನೀರಿನ ಸಂಪು, ಓಡುತ್ತಿರುವ ಮಗ್ಗ, ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ದ್ರಾಕ್ಷಿತೋಟದ ಔಷಧ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಇವೆಲ್ಲವೂ ತಡೆಗೋಡೆಯಿಲ್ಲದ ಮಾಳಿಗೆಗಳೇ.

ನಾವು ಪರರನ್ನು ಮಾತ್ರ ಗದರಿಸುವದಿಲ್ಲ. ಕೆಲವು ವರುಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಹಂಡೆಯಿಂದ ಕುದಿಯುವ ನೀರನ್ನು ಬಕೆಟ್ಟಿಗೆ ತೋಡಿ, ತಣ್ಣೀರು ಬೆರೆಸದೆ, ಪ್ರಸಂಗದ ಕಾಗದವನ್ನು ಹುಡುಕಲು ಒಳಕ್ಕೆ ಹೋದೆವು. ಎರಡು ವರುಷದ ನಮ್ಮ ಮಗಳು ಅದರಲ್ಲಿ ಕೈಯಿಟ್ಟಳು. ನೆರೆಯವರು ಶಾಯಿಯನ್ನು ತಂದರು. ಸಭೆಯ ಸಹೋದರಿಯೊಬ್ಬಳು ಅದನ್ನು ತಡೆದು, ಸುಟ್ಟ ಕೈಯ ಮೇಲೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಟ್ಟು, ಬಳಿಕ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೈ ಉಳಿಯಿತು, ಗುರುತೂ ಉಳಿಯಿತು. ದೇವರ ಚಿತ್ತವೆಂದು ಅನೇಕರು ನಮ್ಮನ್ನು ಸಂತೈಸಿದರು. ಆದರೆ ಆ ಬಕೆಟ್ಟನ್ನು ಅಲ್ಲಿಟ್ಟವನು ದೇವರಲ್ಲ, ನಾವು.

ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿಗೆ ಬದಲು ಕೊಡತಕ್ಕದ್ದೆಂದು ವಿಮೋಚನಕಾಂಡದ 21ನೆಯ ಅಧ್ಯಾಯವು ತಿಳಿಸುತ್ತದೆ. ಎತ್ತಿಗೇ ಹೀಗಾದರೆ ಕೂಸಿಗೆ ಎಷ್ಟು ಹೆಚ್ಚಾಗಿ! ನಮ್ಮ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳುಂಟು. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಒಬ್ಬ ಬಾಲಕನೂ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಒಬ್ಬ ಬಾಲಕಿಯೂ ಅಂಥ ಬಾವಿಗಳಲ್ಲಿ ಬಿದ್ದು ಸತ್ತರು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ (ನಮ್ಮ ದೇವನಹಳ್ಳಿಯ ವಿಜಯಪುರವಲ್ಲ) ಲಚ್ಯಾಣದಲ್ಲಿ ಬಿದ್ದ ಕೂಸನ್ನು ಸುಮಾರು 20 ತಾಸು ಅಗೆದು ಜೀವಸಹಿತ ಎತ್ತಿದರು. ನೀರಿಲ್ಲದ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದ ವರೆಗೆ ತುಂಬಬೇಕೆಂದೂ, ಉಪಯೋಗದಲ್ಲಿರುವದರ ಬಾಯಿಗೆ ಬಿಗಿಯಾದ ಮುಚ್ಚಳವನ್ನು ಹಾಕಬೇಕೆಂದೂ ಸುಪ್ರೀಂ ಕೋರ್ಟು 2010ರಲ್ಲಿಯೇ ಅಪ್ಪಣೆಕೊಟ್ಟಿದೆ. ಗೋಣಿಚೀಲವೂ ಚಪ್ಪಡಿಚೂರೂ ಮುಚ್ಚಳವಲ್ಲ.

ಹಾಗಾದರೆ ಏನು ಮಾಡೋಣ? ಈ ಸಾಯಂಕಾಲ ನಿಮ್ಮ ಮನೆಯ ನೆಲದ ಮೇಲೆ ಕೂಸಿನ ಎತ್ತರಕ್ಕೆ ಕುಳಿತುಕೊಂಡು ಸುತ್ತಲೂ ನೋಡಿರಿ. ಕೈಗೆ ಎಟಕುವ ಬಿಸಿಯನ್ನು ದೂರಮಾಡಿರಿ. ವಿಷಕ್ಕೆ ಬೀಗ ಹಾಕಿರಿ. ಸಂಪಿಗೆ ಮುಚ್ಚಳ ಹಾಕಿರಿ. ತುಂಬಿದ ಬಕೆಟ್ಟನ್ನು ಬರಿದುಮಾಡಿರಿ, ಯಾಕಂದರೆ ಗೇಣುದ್ದದ ನೀರೂ ಕೂಸಿಗೆ ಸಮುದ್ರವೇ. ಕೂಸು ಸೀಮೆಎಣ್ಣೆಯನ್ನು ಕುಡಿದರೆ ವಾಂತಿ ಮಾಡಿಸಬೇಡಿರಿ. ತಡಮಾಡದೆ 108ಕ್ಕೆ ಕರೆಮಾಡಿರಿ. ಸಭೆಯ ವಿಧವೆಯ ಮನೆಗೆ ತಡೆಗೋಡೆಯಿಲ್ಲದಿದ್ದರೆ, ಇಟ್ಟಿಗೆಯುಳ್ಳವನು ಇಟ್ಟಿಗೆಯನ್ನೂ ಗಾರೆಕೆಲಸ ಬಲ್ಲವನು ಒಂದು ದಿನದ ಕೈಕೆಲಸವನ್ನೂ ಕಾಣಿಕೆಯಾಗಿ ಕೊಡಲಿ.

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟುವಾಗ ದೇವರಿಗೆ ಪ್ರಾರ್ಥಿಸಿದನು. ಹಗಲಿರುಳು ಕಾವಲನ್ನೂ ಇಟ್ಟನು. ಪ್ರಾರ್ಥನೆಯು ಕಾವಲಿಗೆ ಬದಲಲ್ಲ. ಕೂಸುಗಳನ್ನು ಅಪ್ಪಿಕೊಂಡ ಕರ್ತನು ಅವುಗಳನ್ನು ನಮ್ಮ ಕೈಗೆ ಒಪ್ಪಿಸಿದ್ದಾನೆ. ಬಿದ್ದ ಮೇಲೆ ಅಳುವದಕ್ಕಿಂತ ಬೀಳುವ ಮುಂಚೆ ಗೋಡೆಯನ್ನು ಕಟ್ಟುವ ಪ್ರೀತಿಯನ್ನು ಆತನು ನಮಗೆ ದಯಪಾಲಿಸಲಿ. ಆಮೆನ್.